ತೊದಲು ನುಡಿಯನ್ನು ಪೆಟ್ಟಿಗೆಗೆ ಒಪ್ಪಿಸಬೇಡಿ



ಅಂಗಡಿಯ ನಾಮಫಲಕದಲ್ಲಿ ಕನ್ನಡವಿಲ್ಲವೆಂದು ಬೀದಿಗಿಳಿದಿದ್ದೇವೆ. ಬ್ಯಾಂಕಿನ ಚಲನ್ನಿನಲ್ಲಿ, ರೈಲ್ವೆ ಪರೀಕ್ಷೆಯಲ್ಲಿ ಕನ್ನಡ ಬೇಕೆಂದು ಧರಣಿ ಕೂತಿದ್ದೇವೆ. ಲಾಠಿಯ ಏಟು ತಿಂದವರೂ ನಮ್ಮ ನಡುವೆ ಇದ್ದಾರೆ. ಆದರೆ ನಮ್ಮ ನಮ್ಮ ನಡುಮನೆಯಲ್ಲಿ, ಒಂದೂವರೆ ವರ್ಷದ ಕೂಸಿನ ಎದುರು, ದಿನಕ್ಕೆ ಎಷ್ಟು ಗಂಟೆ ಯಾವ ಭಾಷೆ ಕೂಗುತ್ತಿದೆಯೆಂದು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ?

ಮಗು ಉಣ್ಣುವುದಿಲ್ಲ, ಟಿವಿ ಹಾಕು. ಮಗು ಅಳುತ್ತಿದೆ, ಮೊಬೈಲು ಕೊಡು. ಗುಮ್ಮನ ಹೆಸರು ಹೇಳಿ, ಚಂದಮಾಮನನ್ನು ತೋರಿಸಿ ತುತ್ತಿಡುತ್ತಿದ್ದ ಕೈ ಈಗ ರಿಮೋಟು ಹುಡುಕುತ್ತದೆ. ಕೆಲವೇ ವಾರಗಳಲ್ಲಿ ಪೆಟ್ಟಿಗೆ ಮಾತಾಡದಿದ್ದರೆ ಮಗು ಬಾಯಿ ತೆರೆಯುವುದಿಲ್ಲ; ಆರಿಸಿದರೆ ನೆಲಕ್ಕೆ ಬಿದ್ದು ಹೊರಳುತ್ತದೆ. ಮೂರು ತುಂಬುವ ಹೊತ್ತಿಗೆ ಅದು 'ಮುಝೇ ದೇದೋ' ಎಂದರೆ ಬಂಧುಬಳಗದ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ಅಪ್ಪ ಅಮ್ಮಂದಿರಿದ್ದಾರೆ. ಇದು ಹೆಮ್ಮೆಯ ವಿಷಯವೇ?

ಮಾತು ಮಗುವಿಗೆ ಹೇಗೆ ಬರುತ್ತದೆ ನೋಡಿ. ಸುಮಾರು ಒಂದು ವರ್ಷಕ್ಕೆ ಅಮ್ಮ, ಅಪ್ಪ, ತಾತ. ಆಮೇಲೆ ಮಮ್ಮು, ತಾಚಿ, ಬೌಬೌ. ಎರಡರ ಹೊತ್ತಿಗೆ 'ಅಮ್ಮ ಬಾ', 'ಹಾಲು ಬೇಕು'. ಇವು ಸುಮ್ಮನೆ ಕಿವಿಗೆ ಬಿದ್ದು ಬಂದ ಮಾತುಗಳಲ್ಲ. ಮಗು ಹಸುವನ್ನು ತೋರಿಸಿ 'ಅಂಬಾ' ಎನ್ನುತ್ತದೆ. 'ಹೌದು ಕಣೋ, ಅಂಬಾ ಹುಲ್ಲು ತಿಂತಾ ಇದೆ, ಅಂಬಾಗೆ ನೀರು ಕೊಡೋಣ್ವಾ?' ಎಂದು ಅಜ್ಜಿ ಉತ್ತರಿಸುತ್ತಾಳೆ. ಆ ಒಂದು ಉತ್ತರದಲ್ಲಿ ಕರ್ತೃ, ಕರ್ಮ, ಕ್ರಿಯೆ, ವಿಭಕ್ತಿ ಎಲ್ಲವೂ ಇದೆ. ಯಾವ ವ್ಯಾಕರಣ ಪುಸ್ತಕವೂ ಅಷ್ಟು ಸಲೀಸಾಗಿ ಕಲಿಸಲಾರದು. ಪೆಟ್ಟಿಗೆ ಮಾತಾಡುತ್ತದೆ, ಆದರೆ ಮಗುವಿಗೆ ಉತ್ತರ ಕೊಡುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿಯೇ.

ಇದು ಅಭಿಮಾನದ ಭಾವುಕತೆಯಲ್ಲ, ಪ್ರಯೋಗದಿಂದ ತಿಳಿದ ಸಂಗತಿ. ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 9 ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಮಾತಾಡುವವರು 12 ಸಲ ಕೂತು ಆಡಿದರು, ಓದಿ ಹೇಳಿದರು. ಬೇರೆ ಕೂಸುಗಳಿಗೆ ಅದೇ ಜನರನ್ನು, ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು. ಜನರೊಡನೆ ಆಡಿದ ಕೂಸುಗಳು ಚೀನೀ ಭಾಷೆಯ ಧ್ವನಿಭೇದವನ್ನು ಗುರುತಿಸಿದವು. ಪರದೆ ನೋಡಿದವು ಏನನ್ನೂ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಕೂಡದು, ಕಡಿಮೆಯಾದಷ್ಟೂ ಒಳ್ಳೆಯದು.

ಕೂಸು ಪರದೆಯಿಂದ ಕಲಿಯುವುದೇ ಇಲ್ಲವಾದರೆ ಕನ್ನಡಕ್ಕೇನು ಆತಂಕ ಎಂದು ನೀವು ಕೇಳಬಹುದು. ಆತಂಕ ಎರಡು ಬಗೆಯದು. ಮೊದಲ ಎರಡು ವರ್ಷ ಪೆಟ್ಟಿಗೆ ಕದಿಯುವುದು ಹೊತ್ತನ್ನು. ಅಜ್ಜಿಯ ಕಥೆಯ ಹೊತ್ತು, ಅಪ್ಪನ ಹರಟೆಯ ಹೊತ್ತು, ಅಂದರೆ ಕನ್ನಡದ ಹೊತ್ತು. ಮೂರರ ನಂತರ ಮಗು ಪರದೆಯಿಂದಲೂ ಮಾತು ಹೆಕ್ಕುತ್ತದೆ; ಆಗ ಅದು ಪೆಟ್ಟಿಗೆಯ ಭಾಷೆಯನ್ನೇ ಆಟದ ಭಾಷೆಯಾಗಿ ಮಾಡಿಕೊಳ್ಳುತ್ತದೆ. ಆ ಭಾಷೆ ಯಾವುದು? ಡೋರೇಮಾನ್, ಛೋಟಾ ಭೀಮ್ ನಮ್ಮ ಮನೆಗೆ ಬಂದದ್ದು ಯಾವ ಭಾಷೆಯಲ್ಲಿ?

ಇಲ್ಲಿ ಚಳವಳಿಯ ಒಳಗೇ ಒಂದು ನಿಷ್ಠುರದ ಮಾತು ಆಡಬೇಕಾಗಿದೆ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತಾಗ ಅದಕ್ಕೆ ಅರ್ಥವಿತ್ತು. ಕನ್ನಡ ಚಿತ್ರರಂಗ ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿ ಅಂಬೆಗಾಲಿಡುತ್ತಿತ್ತು. ಆದರೆ ಸಿನಿಮಾಕ್ಕೆ ಕಟ್ಟಿದ ಬೇಲಿ ಮಕ್ಕಳ ಕಾರ್ಟೂನಿಗೂ ಅಡ್ಡವಾಯಿತು. ಕಾರ್ಟೂನು ನಿಲ್ಲಲಿಲ್ಲ, ಕನ್ನಡ ಬಿಟ್ಟು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಒಳಗೆ ಬಂತು. ಕನ್ನಡಕ್ಕೆ ಮಕ್ಕಳದೇ ವಾಹಿನಿ ಚಿಂಟು ಟಿವಿ ಬಂದದ್ದು 2009ರಲ್ಲಿ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳಿಗೆ ದಂಡ ಹಾಕಿತು. ಬೇಲಿ ಬಿದ್ದಿದೆ. ಇನ್ನು ಕನ್ನಡದ ದನಿ ಕೇಳಿ ಪಡೆಯುವ ಕೆಲಸ ನಮ್ಮದು.

ಇನ್ನೊಂದು ಮಾತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದಿತು. ಆ ತೀರ್ಪು ನಮಗೆ ನೋವು ತಂದಿತು, ನಿಜ. ಆದರೆ ಅದರ ಪ್ರಕಾರವೇ ನಿರ್ಧಾರ ನಿಮ್ಮ ಕೈಯಲ್ಲಿದೆ. ಅದನ್ನು ರಿಮೋಟಿಗೆ ಕೊಟ್ಟುಬಿಡುತ್ತೀರಾ?

ತಾಯಂದಿರನ್ನು ದೂರುವುದು ನಮ್ಮ ಉದ್ದೇಶವಲ್ಲ. ಗಾರ್ಮೆಂಟ್ಸಿನಲ್ಲಿ ದಿನವಿಡೀ ದುಡಿದು ಬಂದ ಹೆಣ್ಣುಮಗಳು ಅಡುಗೆ ಮುಗಿಸುವವರೆಗೆ ಮಗುವನ್ನು ಯಾರ ಕೈಗೆ ಕೊಡಬೇಕು? ಅಜ್ಜಿ ಊರಲ್ಲಿ, ಗಂಡ ಪಾಳಿಯಲ್ಲಿ. ಆದ್ದರಿಂದ ಹೋರಾಟ ಮನೆಯೊಳಗೂ ಬೇಕು, ಹೊರಗೂ ಬೇಕು.

ಮನೆಯೊಳಗೆ: ಎರಡು ತುಂಬುವವರೆಗೆ ಪೆಟ್ಟಿಗೆ ಬೇಡ, ಕನ್ನಡದ್ದಾದರೂ ಬೇಡ. ಊಟದ ಹೊತ್ತಿನಲ್ಲಿ ಅದು ಆರಿರಲಿ. ಆಮೇಲೆ ನೋಡುವುದಾದರೆ ಕನ್ನಡದಲ್ಲಿ, ಪಕ್ಕದಲ್ಲಿ ನೀವು ಕೂತು ಮಾತಾಡುತ್ತಾ. ಅಪ್ಪಂದಿರೇ, ಇದು ನಿಮ್ಮ ಕೆಲಸವೂ ಹೌದು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗೆಂದೇ ಪದ್ಯ ಬರೆದಿಟ್ಟು ಹೋಗಿದ್ದಾರೆ. ಬಾಯಿಪಾಠ ಮಾಡಿ ಹಾಡಿ. ರಾಗ ತಪ್ಪಿದರೂ ಕೂಸು ನಗುತ್ತದೆ.

ಹೊರಗೆ: ಅಂಗನವಾಡಿಯಲ್ಲಿ, ಗ್ರಾಮ ಪಂಚಾಯಿತಿಯ ಕೂಸಿನ ಮನೆಯಲ್ಲಿ ಕನ್ನಡದ ಕಥೆ, ಹಾಡು, ಆಟ ನಡೆಯುತ್ತಿದೆಯೇ ಎಂದು ಹೋಗಿ ನೋಡಿ. ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೇಂದ್ರ ಕೇಳಿ. ಮಕ್ಕಳ ವಾಹಿನಿಗಳಿಗೆ ಕನ್ನಡದ ದನಿ ಬೇಕೆಂದು ಪತ್ರ ಬರೆಯಿರಿ. ಚಂದನದಲ್ಲಿ ಮಕ್ಕಳಿಗೆ ದಿನವೂ ಹೊತ್ತು ಕೊಡಿ ಎಂದು ಒತ್ತಾಯಿಸಿ.

ಬೇಕು, ಬೇಡ, ನಂದು. ಮಗು ಹಟದಿಂದ ಕಲಿಯುವ ಮಾತುಗಳಿವು. ಹಕ್ಕಿಗಾಗಿ ಹೋರಾಡುವವನಿಗೆ ಬೇಕಾದದ್ದೂ ಈ ಮೂರೇ ಮಾತು. ಅವನ್ನು ನಮ್ಮ ಕೂಸು ಕನ್ನಡದಲ್ಲಿ ಕಲಿತರೆ ನಾಳೆ ನಾಮಫಲಕದ ಹೋರಾಟಕ್ಕೆ ಜನ ಇರುತ್ತಾರೆ. ಇಲ್ಲವಾದರೆ ಕನ್ನಡದ ಫಲಕ ಇರುತ್ತದೆ, ಓದುವವರು ಇರುವುದಿಲ್ಲ.