ಕಬ್ಬಿನ ಗದ್ದೆಯ ಹಾಡಿಗೆ ವಿದ್ಯೆಯ ಮನ್ನಣೆ ಬೇಡವೇ?

“ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ” ಎಂಬ ಗಾದೆಗೆ ಈಗ ಹೊಸದೊಂದು ಕೆಲಸ ಸಿಕ್ಕಿದೆ. ಬಿ.ಎ. ಮುಗಿಸಿದ ಹುಡುಗಿಯೊಬ್ಬಳು, ತಾನು ಸಿನಿಮಾದ ಮೇಲೆ, ಜನ ಹಾಡುವ ಹಾಡಿನ ಮೇಲೆ, ಮೊಬೈಲಿನಲ್ಲಿ ಬರುವ ಕೊರಿಯಾ ದೇಶದ ಧಾರಾವಾಹಿಯ ಮೇಲೆ ಸಂಶೋಧನೆ ಮಾಡುತ್ತೇನೆಂದು ಬಾಯಿ ತೆರೆದರೆ ಸಾಕು, ಊರಿನ ಬುದ್ಧಿವಂತರೆಲ್ಲ ಈ ಗಾದೆಯನ್ನು ಹಿಡಿದು ಎದುರು ನಿಲ್ಲುತ್ತಾರೆ. ಸಿನಿಮಾ ನೋಡುವುದಕ್ಕೆ ಡಾಕ್ಟರೇಟು ಬೇರೆ ಕೇಡು ಎಂದು ನಗುತ್ತಾರೆ. ಇಂಜಿನಿಯರಿಂಗ್ ಓದಿದವನಿಗೇ ಕೆಲಸವಿಲ್ಲದ ಕಾಲದಲ್ಲಿ ಹಾಡು ಕಲಿತವಳಿಗೆ ಯಾರು ಸಂಬಳ ಕೊಡುತ್ತಾರೆ ಎಂದು ಕೇಳುತ್ತಾರೆ.

ಕಾರ್ಖಾನೆಯಲ್ಲಿ ದುಡಿಯುವ ತಂದೆ, ಅಂಗಡಿಯಿಟ್ಟು ಬದುಕುವ ತಾಯಿ ಇಂಥ ಪ್ರಶ್ನೆ ಕೇಳಿದರೆ ನಾವು ತಪ್ಪೆನ್ನುವುದಿಲ್ಲ. ಅವರ ಆತಂಕ ಅನ್ನದ ಆತಂಕ. ಆದರೆ ಅದೇ ಪ್ರಶ್ನೆಯನ್ನು ಸರಕಾರ ನಡೆಸುವವರು, ವಿಶ್ವವಿದ್ಯಾನಿಲಯಗಳ ಹಣದ ಚೀಲ ಹಿಡಿದವರು ಕೇಳತೊಡಗಿದಾಗ ಅದಕ್ಕೆ ಬೇರೆ ಅರ್ಥ ಬರುತ್ತದೆ. ದೊರೆಗಳ ಆಸ್ಥಾನದ ಸಂಗೀತ ವಿದ್ಯೆಯಾಗಬಹುದು, ಕೂಲಿಗಳ ಹಾಡು ವಿದ್ಯೆಯಾಗಕೂಡದು ಎಂಬುದೇ ಆ ಅರ್ಥ. ಇದನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಕನ್ನಡದ ಮಗಳೊಬ್ಬಳ ವಿದ್ಯಾಜೀವನವನ್ನೇ ಓದುಗರ ಮುಂದಿಡುತ್ತೇವೆ.

ನಿರಂಜನರ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಹೋರಾಟವನ್ನು, 1943ರಲ್ಲಿ ಗಲ್ಲಿಗೇರಿದ ನಾಲ್ವರು ವೀರರನ್ನು ‘ಚಿರಸ್ಮರಣೆ’ಯಲ್ಲಿ ನಮಗೆ ಉಳಿಸಿಕೊಟ್ಟವರು ಅವರು. ಅವರ ಪತ್ನಿ ಅನುಪಮಾ ನಿರಂಜನ ವೈದ್ಯೆ, ಲೇಖಕಿ. ಈ ದಂಪತಿಗಳ ಮಗಳು ತೇಜಸ್ವಿನಿ ನಿರಂಜನ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಭಾಷಾಂತರಕ್ಕೂ ವಸಾಹತು ಆಳ್ವಿಕೆಗೂ ಇರುವ ನಂಟನ್ನು ಕುರಿತು 1992ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಹೈದರಾಬಾದಿನಲ್ಲಿ ಪಾಠ ಹೇಳಿದರು. 1998ರಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತಿ ಮತ್ತು ಸಮಾಜದ ಅಧ್ಯಯನಕ್ಕೆಂದೇ ಆರಂಭವಾದ ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾದರು. ಮುಂದೆ ಹಾಂಗ್‌ಕಾಂಗಿನ ಲಿಂಗ್ನಾನ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತಿ ಅಧ್ಯಯನದ ಪ್ರಾಧ್ಯಾಪಕರಾದರು. ಅವರು ಇಂಗ್ಲಿಷಿಗೆ ತಂದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ ದಕ್ಷಿಣ ಏಷ್ಯಾ ಸಾಹಿತ್ಯದ 2018ನೇ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಬಂದಿತು.

ಇವೆಲ್ಲ ದೊಡ್ಡ ಪದವಿಗಳ ಪಟ್ಟಿಯಾಯಿತು. ಮಂಡ್ಯದವರು ಕಿವಿಗೊಡಬೇಕಾದ ಮಾತು ಮುಂದಿದೆ. ಇಷ್ಟು ಓದಿದ ಈ ವಿದುಷಿ ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ಹೋಗಿ ಅಧ್ಯಯನಕ್ಕೆ ಆರಿಸಿಕೊಂಡದ್ದು ರಾಜಮಹಾರಾಜರ ಚರಿತ್ರೆಯನ್ನಲ್ಲ, ಕಬ್ಬು ಕಡಿಯಲು ಹೋದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಹಾಡಿ ಕುಣಿಯುವ ‘ಚಟ್ನಿ’ ಎಂಬ ಹಾಡನ್ನು. ಹೆಸರೇ ಚಟ್ನಿ! ಪಂಡಿತರು ಮೂಗು ಮುರಿಯಲು ಅಷ್ಟು ಸಾಲದೆ?

ಆ ಹಾಡಿನ ಹಿಂದಿನ ಕಥೆಯನ್ನು ಕಬ್ಬು ಬೆಳೆಯುವ ನಾಡಿನವರು ತಿಳಿದಿರಲೇಬೇಕು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳ ಧಣಿಗಳಿಗೆ ಅಗ್ಗದ ಆಳು ಬೇಕಾಯಿತು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಸುಮಾರು 225 ಭಾರತೀಯರನ್ನು ಟ್ರಿನಿಡಾಡಿನಲ್ಲಿ ಇಳಿಸಿತು. 1917ರವರೆಗೆ ಹೀಗೆ ಹೋದವರು ಸುಮಾರು 1,44,000 ಮಂದಿ. ಬಹುಮಂದಿ ಇಂದಿನ ಬಿಹಾರ ಮತ್ತು ಉತ್ತರ ಪ್ರದೇಶದ ಹಳ್ಳಿಗಳವರು, ಮದರಾಸಿನ ಕಡೆಯಿಂದ ಹೋದವರೂ ಉಂಟು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದರೆ ತೋಟ ಬಿಟ್ಟು ಕದಲುವಂತಿರಲಿಲ್ಲ, ಕೆಲಸ ತಪ್ಪಿಸಿದರೆ ಜೈಲು. ಅಲ್ಲಿ ಕಬ್ಬು ಕಡಿದವರು, ಸಕ್ಕರೆ ಬೇಯಿಸಿದವರು ಅವರು. ಸಕ್ಕರೆಯ ಲಾಭ ಹೋದದ್ದು ಲಂಡನ್ನಿಗೆ.

ಗಂಟುಮೂಟೆಯಿಲ್ಲದೆ ಹೋದ ಈ ಜನ ಹಾಡನ್ನು ಮಾತ್ರ ಕೊಂಡೊಯ್ದರು. ಮದುವೆಯ ಹಿಂದಿನ ದಿನಗಳಲ್ಲಿ ಹೆಂಗಸರಷ್ಟೇ ಸೇರಿ ಹಾಡಿ, ಹಾಸ್ಯ ಮಾಡಿ, ಕುಣಿಯುವ ‘ಮಟಿಕೋರ್’ ಎಂಬ ಶಾಸ್ತ್ರ ಅವರಲ್ಲಿ ಉಳಿಯಿತು. ನಮ್ಮ ಸೀಮೆಯ ಸೋಬಾನೆ ಹಾಡುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹಾಡುಗಳೇ ಕಾಲಕ್ರಮದಲ್ಲಿ ಚಪ್ಪರದಿಂದ ಬೀದಿಗೆ, ಬೀದಿಯಿಂದ ಧ್ವನಿವರ್ಧಕಕ್ಕೆ, ಧ್ವನಿಮುದ್ರಿಕೆಗೆ ಬಂದವು. 1970ರ ಹೊತ್ತಿಗೆ ಸುಂದರ್ ಪೋಪೋ ಎಂಬ ಗಾಯಕ ಅಜ್ಜ ಅಜ್ಜಿಯರ ಹಾಡಿನಿಂದ ಮನೆಮಾತಾದ. 1980ರ ದಶಕದಲ್ಲಿ ದ್ರುಪತೀ ರಾಮ್‌ಗೂನಾಯಿ ಎಂಬ ಹೆಣ್ಣುಮಗಳು ಆಫ್ರಿಕನ್ ಮೂಲದವರ ಸೋಕಾ ಸಂಗೀತದೊಡನೆ ಇದನ್ನು ಬೆರೆಸಿ ಬಹಿರಂಗ ವೇದಿಕೆ ಏರಿದಳು. ಭಾರತೀಯ ಹೆಣ್ಣಿಗೆ ಇದು ತಕ್ಕದ್ದೇ, ಮಾನ ಹೋಯಿತು, ಮರ್ಯಾದೆ ಹೋಯಿತು ಎಂದು ದೊಡ್ಡಮನುಷ್ಯರು ಕೂಗೆಬ್ಬಿಸಿದರು.

ತೇಜಸ್ವಿನಿಯವರು ಇಲ್ಲಿ ಕೈಯಿಟ್ಟರು. 2006ರಲ್ಲಿ ಪ್ರಕಟವಾದ ‘ಮೊಬಿಲೈಸಿಂಗ್ ಇಂಡಿಯಾ’ ಎಂಬ ಅವರ ಗ್ರಂಥ ಈ ‘ಮಾನ’ದ ಮಾತು ಎಲ್ಲಿಂದ ಬಂತೆಂದು ಬೆನ್ನಟ್ಟುತ್ತದೆ. ಕರಾರು ಕೂಲಿಯ ಪದ್ಧತಿಯನ್ನು ನಿಲ್ಲಿಸಲು ಗೋಖಲೆ, ಗಾಂಧಿ ಮೊದಲಾದವರ ಕಾಲದಲ್ಲಿ ಭಾರತದಲ್ಲಿ ದೊಡ್ಡ ಚಳವಳಿ ನಡೆಯಿತು, ನ್ಯಾಯವಾದ ಚಳವಳಿ. ಆದರೆ ಅದರ ಪ್ರಚಾರದಲ್ಲಿ ಕೂಲಿ ಹೆಂಗಸನ್ನು ಶೀಲಗೆಟ್ಟವಳೆಂದು, ಮರುಕಕ್ಕೆ ಮಾತ್ರ ಯೋಗ್ಯಳೆಂದು ಚಿತ್ರಿಸಲಾಯಿತು. ಅವಳನ್ನು ಆಚೆಗಿಟ್ಟೇ ನಮ್ಮ ಮಧ್ಯಮ ವರ್ಗದ ‘ಮರ್ಯಾದಸ್ಥ ಭಾರತೀಯ ನಾರಿ’ಯ ಚಿತ್ರ ಇಲ್ಲಿ ರೂಪುಗೊಂಡಿತು. ತೋಟದಲ್ಲಿ ಗಂಡಸಿನ ಸಮಕ್ಕೆ ದುಡಿದು ತನ್ನ ಕೂಲಿಯನ್ನು ತಾನೇ ಎಣಿಸಿಕೊಂಡ ಹೆಣ್ಣು ಆ ಚೌಕಟ್ಟಿಗೆ ಒಗ್ಗಲಿಲ್ಲ. ಹಾಡಿನ ಮೇಲಿನ ಕೋಪದ ಬೇರು ಹೀಗೆ ದುಡಿಯುವ ಹೆಣ್ಣಿನ ಮೇಲಿನ ಕೋಪದಲ್ಲಿದೆ ಎಂದು ನಾವು ಅರಿಯಬೇಕು. ಇದು ಟ್ರಿನಿಡಾಡಿನ ಮಾತು ಮಾತ್ರವೇ? ಮದ್ದೂರು, ಮಂಡ್ಯಗಳಿಂದ ಬೆಳಗ್ಗೆ ಕತ್ತಲಿರುವಾಗಲೇ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ಜಗಲಿಯ ಮೇಲೆ ಆಡುವ ಮಾತು ಯಾವುದು? ಇಂಥ ಮಾತು ಎಲ್ಲಿ ಹುಟ್ಟಿತೆಂದು ತೋರಿಸಿಕೊಡುವ ವಿದ್ಯೆಯನ್ನು ಜುಟ್ಟಿನ ಮಲ್ಲಿಗೆ ಎನ್ನಲು ನಮಗೆ ನಾಲಿಗೆ ಬಾರದು.

ಇನ್ನೂ ಒಂದು ಸಂಗತಿ. ಟ್ರಿನಿಡಾಡಿನ ಸರಕಾರಿ ಸಕ್ಕರೆ ಕಂಪನಿ ಕರೋನಿ 2003ರಲ್ಲಿ ಬಾಗಿಲು ಹಾಕಿತು. ಸುಮಾರು 9,000 ಕಾರ್ಮಿಕರು ಮನೆಗೆ ಹೋದರು. ನಮ್ಮ ಮೈಷುಗರ್ 1933ರಲ್ಲಿ ಹುಟ್ಟಿ, ನಾಲೆಯ ನೀರಿನೊಡನೆ ಈ ಊರನ್ನು ಊರು ಮಾಡಿದ ಕಾರ್ಖಾನೆ. ಅದು ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಿಂತ ಕಾರ್ಖಾನೆಯ ಮೌನ ಏನೆಂಬುದು ಇಲ್ಲಿನ ಕಾರ್ಮಿಕನಿಗೂ ಗೊತ್ತು, ಅವನಿಗೆ ಸಾಲ ಕೊಟ್ಟ ಪೇಟೆಬೀದಿಯ ವ್ಯಾಪಾರಿಗೂ ಗೊತ್ತು. ಅಲ್ಲಿ ಕಾರ್ಖಾನೆ ಹೋಯಿತು, ಹಾಡು ಉಳಿಯಿತು. ಇಲ್ಲಿ ಎರಡೂ ಉಳಿಯಬೇಕೆಂಬುದು ನಮ್ಮ ಹಟ.

ಹಾಗಾದರೆ ಮಂಡ್ಯದ ಜನರ ಹಾಡನ್ನು ಯಾರೂ ಓದಲಿಲ್ಲವೇ? ಓದಿದರು. ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ಅಧಿಕಾರಿಯಾಗಿದ್ದೂ ಜನಪದ ಗೀತೆಗಳ ಬೆನ್ನು ಹತ್ತಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅದೇ ಸೀಮೆಯ ಜೀ.ಶಂ. ಪರಮಶಿವಯ್ಯನವರು ನೀಲಗಾರರ, ತಂಬೂರಿಯವರ ಬಾಯಲ್ಲಿದ್ದ ಕಾವ್ಯಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಬಾಗಿಲು ತೆರೆದರು. ಅವರ ಕಾಲದಲ್ಲೂ ಇದೇನು ಭಿಕ್ಷುಕರ ಹಾಡು ಎಂದವರಿದ್ದರು. ಇಂದು ಅದನ್ನು ಅನ್ನುವ ಧೈರ್ಯ ಯಾರಿಗೂ ಇಲ್ಲ. ನಿನ್ನೆ ಜಾನಪದಕ್ಕೆ ಸಿಕ್ಕ ಮನ್ನಣೆ ಇಂದು ಸಿನಿಮಾಕ್ಕೆ, ಮೊಬೈಲಿನ ಹಾಡಿಗೆ ಸಿಗಬಾರದೆಂಬ ಕಟ್ಟಳೆ ಯಾರದು?

ಸಿನಿಮಾ ಬರಿಯ ಮೋಜು ಎನ್ನುವವರು ಮಂಡ್ಯದ ಮತಪೆಟ್ಟಿಗೆಯನ್ನು ಒಮ್ಮೆ ನೋಡಲಿ. 1998ರಿಂದ ಮೂರು ಬಾರಿ ನಾವು ನಟ ಅಂಬರೀಷರನ್ನು ಪಾರ್ಲಿಮೆಂಟಿಗೆ ಕಳಿಸಿದೆವು. 2013ರ ಉಪಚುನಾವಣೆಯಲ್ಲಿ ನಟಿ ರಮ್ಯಾ ಗೆದ್ದರು. 2019ರಲ್ಲಿ ನಟಿ ಸುಮಲತಾ ಮತ್ತು ನಟ ನಿಖಿಲ್ ಕುಮಾರಸ್ವಾಮಿ ಎದುರಾದರು, ಸುಮಲತಾ ಗೆದ್ದರು. 2024ರಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿಯವರೂ ಚಿತ್ರ ನಿರ್ಮಾಪಕರಾಗಿದ್ದವರೇ. ಕಬ್ಬಿನ ದರ, ಕಾವೇರಿಯ ನೀರು, ಕಾರ್ಖಾನೆಯ ಬೀಗ ಇವನ್ನೆಲ್ಲ ಯಾರ ಕೈಗೆ ಕೊಡಬೇಕೆಂದು ನಿರ್ಧರಿಸುವಾಗ ಬೆಳ್ಳಿತೆರೆ ನಮ್ಮ ಪಕ್ಕದಲ್ಲೇ ಕುಳಿತಿರುತ್ತದೆ. ಜನ ಮರುಳೋ ಜಾತ್ರೆ ಮರುಳೋ ಎಂದು ತಳ್ಳಿಹಾಕುವುದು ಸುಲಭ. ಆದರೆ ಹೈದರಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ಮಾಧವ ಪ್ರಸಾದರು ಹಾಗೆ ತಳ್ಳಿಹಾಕಲಿಲ್ಲ. 2014ರ ‘ಸಿನೆ-ಪಾಲಿಟಿಕ್ಸ್’ ಗ್ರಂಥದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್., ರಾಜ್‌ಕುಮಾರ್ ಈ ಮೂವರನ್ನು ಇಟ್ಟುಕೊಂಡು, ತಾರೆಯರ ಹಿಂದೆ ಜನ ಏಕೆ ನಿಂತರೆಂಬುದನ್ನು ರಾಜಕೀಯದ ಗಂಭೀರ ಪ್ರಶ್ನೆಯನ್ನಾಗಿ ಎತ್ತಿಕೊಂಡರು. ಆ ಪ್ರಶ್ನೆಯನ್ನು ಮಂಡ್ಯಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಕೇಳಲು ಸಾಧ್ಯ?

ಇನ್ನು ಮಕ್ಕಳು ನೋಡುವ ಕೊರಿಯಾದ ವಿಷಯ. ಜುರಾಸಿಕ್ ಪಾರ್ಕ್ ಎಂಬ ಒಂದು ಅಮೆರಿಕನ್ ಸಿನಿಮಾದ ಗಳಿಕೆ 15 ಲಕ್ಷ ಹ್ಯುಂಡೈ ಕಾರುಗಳ ಮಾರಾಟಕ್ಕೆ ಸಮವೆಂದು 1994ರಲ್ಲಿ ಅಲ್ಲಿನ ಅಧ್ಯಕ್ಷರಿಗೆ ವರದಿ ಹೋಯಿತು. 1999ರಲ್ಲಿ ಸಂಸ್ಕೃತಿ ಉದ್ಯಮಕ್ಕೆಂದೇ ಕಾಯಿದೆ ಬಂತು. ಅಂದರೆ ಆ ಹಾಡು ಗಾಳಿಯಲ್ಲಿ ತೇಲಿ ಬಂದದ್ದಲ್ಲ, ಲೆಕ್ಕ ಹಾಕಿ ಕಳಿಸಿದ್ದು. ಹಾಡಿನ ಬೆನ್ನಿಗೆ ಕೊರಿಯಾದ ನೂಡಲ್ಸ್ ಪೊಟ್ಟಣ, ಮುಖದ ಕ್ರೀಮು ನಮ್ಮ ಅಂಗಡಿಗಳ ಕಪಾಟಿಗೆ ಬಂದದ್ದನ್ನು ವ್ಯಾಪಾರಿ ಮಿತ್ರರು ಕಂಡಿದ್ದಾರೆ. ಅದೇ ಕೊರಿಯಾದಲ್ಲಿ ಚಿತ್ರಮಂದಿರಗಳು ವರ್ಷಕ್ಕೆ 146 ದಿನ ಸ್ವದೇಶಿ ಚಿತ್ರ ತೋರಿಸಬೇಕೆಂಬ ನಿಯಮವಿತ್ತು. ಅಮೆರಿಕದೊಡನೆ ವ್ಯಾಪಾರ ಒಪ್ಪಂದದ ಮಾತು ಬಂದಾಗ, 2006ರಲ್ಲಿ, ಅದನ್ನು 73ಕ್ಕೆ ಇಳಿಸಿದರು. ನಟನಟಿಯರು ಬೀದಿಗಿಳಿದು ಪ್ರತಿಭಟಿಸಿದರು. 2021ರಲ್ಲಿ ಜಗತ್ತೆಲ್ಲ ನೋಡಿದ ‘ಸ್ಕ್ವಿಡ್ ಗೇಮ್’ ಧಾರಾವಾಹಿಯ ನಾಯಕ ಯಾರು? ಕಾರು ಕಾರ್ಖಾನೆಯಿಂದ ಹೊರದೂಡಿಸಿಕೊಂಡ ಕಾರ್ಮಿಕ. 2009ರಲ್ಲಿ ಸಾಂಗ್‌ಯಾಂಗ್ ಮೋಟಾರ್ ಕಂಪನಿ ಸುಮಾರು 2,600 ಮಂದಿಯನ್ನು ಕೆಲಸದಿಂದ ತೆಗೆಯಹೊರಟಾಗ 77 ದಿನ ಕಾರ್ಖಾನೆಯನ್ನು ಹಿಡಿದು ಕುಳಿತ ಕಾರ್ಮಿಕರ ನೆನಪು ಆ ಪಾತ್ರದ ಹಿಂದಿದೆಯೆಂದು ನಿರ್ದೇಶಕರೇ ಹೇಳಿದ್ದಾರೆ. ನಮ್ಮ ಮಕ್ಕಳು ಅದನ್ನು ರಾತ್ರಿಯೆಲ್ಲ ನೋಡಿದರು. ಅದರೊಳಗೆ ತಮ್ಮ ಅಪ್ಪನ ಕಥೆಯಿದೆಯೆಂದು ಅವರಿಗೆ ಹೇಳಿಕೊಡುವ ಮೇಷ್ಟರು ಮಾತ್ರ ಇರಲಿಲ್ಲ.

ವಿದ್ವಾಂಸರ ಮೇಲೂ ನಮಗೊಂದು ತಕರಾರಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ಜ್ಞಾನದ ಬಹುಪಾಲು ಇಂಗ್ಲಿಷಿನಲ್ಲಿದೆ. ಅಮೆರಿಕದ ಮುದ್ರಣಾಲಯದಲ್ಲಿ ಅಚ್ಚಾಗುತ್ತದೆ, ಮಹಾನಗರದ ಗ್ರಂಥಾಲಯದಲ್ಲಿ ಕುಳಿತಿರುತ್ತದೆ. ಕೂಲಿಯ ಹಾಡಿನ ಮೇಲೆ ಬರೆದದ್ದು ಕೂಲಿಯ ಕೈಗೆ ಬಾರದಿದ್ದರೆ ಅದು ಅರ್ಧ ದಾರಿಯಲ್ಲಿ ನಿಂತ ಬಂಡಿ. ಹಾಡು ನಮ್ಮಿಂದ ಹೋಯಿತು, ತಿಳಿವಳಿಕೆಯೂ ನಮಗೆ ತಿರುಗಿ ಬರಬೇಕು. ಆದರೆ ಅದನ್ನು ತರುವವರು ಯಾರು? ನಾಲ್ಕು ದೇಶ ಸುತ್ತುವ ಅನುಕೂಲ ಎಲ್ಲರಿಗೂ ಇಲ್ಲ. ಸಾಹಿತಿ ದಂಪತಿಗಳ ಮನೆಯಲ್ಲಿ ಹುಟ್ಟುವ ಭಾಗ್ಯವೂ ಎಲ್ಲರಿಗಿಲ್ಲ. ಮಳವಳ್ಳಿಯ ಹುಡುಗಿಗೆ ಇರುವುದು ಮಂಡ್ಯದ ಬಸ್ಸು, ಮಂಡ್ಯದ ಕಾಲೇಜು.

ಆ ಕಾಲೇಜಿಗೇ ಸಂಚಕಾರ ಬಂದದ್ದನ್ನು ಓದುಗರು ಮರೆತಿರಲಾರರು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಕಡೆಗೆ ವಾಲಿತು. ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಹಣವಿಲ್ಲ, ಕಟ್ಟಡವಿಲ್ಲ, ಅಧ್ಯಾಪಕರಿಲ್ಲ ಎಂಬುದು ಕಾರಣ. ಹಣ ಕೊಡಬೇಕಾದವರು ಯಾರು, ಅಧ್ಯಾಪಕರನ್ನು ನೇಮಿಸಬೇಕಾದವರು ಯಾರು? ತಾನೇ ಮೇವು ಹಾಕದೆ, ಹಸು ಬಡಕಲಾಯಿತು, ಕಟುಕನಿಗೆ ಕೊಡಿ ಎನ್ನುವುದು ಯಾವ ಊರಿನ ನ್ಯಾಯ? ನೆಗಡಿ ಬಂದರೆ ಮೂಗು ಕೊಯ್ಯುವ ಈ ವೈದ್ಯ, ಯಾವ ಪಕ್ಷದ ಸರಕಾರ ಮಾಡಿದರೂ, ನಮಗೆ ಬೇಡ.

ನಾವು ಕೇಳುವುದು ಇಷ್ಟೆ. ಮಂಡ್ಯದ ಉನ್ನತ ವಿದ್ಯಾಭ್ಯಾಸವನ್ನು ಕುಗ್ಗಿಸುವ ಮಾತು ಎಂದೆಂದಿಗೂ ಏಳಕೂಡದು. ಇಲ್ಲಿ ಜಾನಪದ, ಸಿನಿಮಾ, ಪತ್ರಿಕೆ, ಮೊಬೈಲು ಇವನ್ನೆಲ್ಲ ಕನ್ನಡದಲ್ಲೇ ಕಲಿಸುವ ಒಂದು ವಿಭಾಗ, ಕಾಯಂ ಅಧ್ಯಾಪಕರೊಡನೆ, ಬೇಕು. ಟ್ರಿನಿಡಾಡಿನ ಕಬ್ಬಿನವರ ಮೇಲೆ, ದಕ್ಷಿಣದ ಸಿನಿಮಾ ರಾಜಕೀಯದ ಮೇಲೆ ಬಂದಿರುವಂಥ ಗ್ರಂಥಗಳು ನಮ್ಮ ವಿಶ್ವವಿದ್ಯಾನಿಲಯಗಳ ಖರ್ಚಿನಲ್ಲಿ ಕನ್ನಡಕ್ಕೆ ಬಂದು, ಬಡವನ ಜೇಬಿಗೆ ಎಟುಕುವ ಬೆಲೆಗೆ ಸಿಗಬೇಕು. ಮೈಷುಗರಿನ ಹಳೆಯ ಕಾರ್ಮಿಕರ, ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ನೆನಪು ಹಾಡುಗಳನ್ನು ಅವರು ಬದುಕಿರುವಾಗಲೇ ದಾಖಲೆ ಮಾಡಬೇಕು.

ಮನೆಯಲ್ಲಿ ಮಗಳು ಹಾಡಿನ ಮೇಲೆ, ಸಿನಿಮಾದ ಮೇಲೆ ಓದುತ್ತೇನೆಂದರೆ ತಂದೆತಾಯಿಯರು ಗಾದೆ ಹೇಳಿ ಅವಳ ಬಾಯಿ ಮುಚ್ಚಿಸದಿರಲಿ. ಓದು ಮಗಳೇ, ಆದರೆ ಓದಿದ್ದನ್ನು ನಮಗೆ ಕನ್ನಡದಲ್ಲಿ ತಿರುಗಿ ಹೇಳು ಎನ್ನಲಿ. ಅವಳ ಹೊಟ್ಟೆಗೆ ಹಿಟ್ಟು ಒದಗಿಸುವ ಹೊಣೆಯನ್ನು ಸರಕಾರದ ಕೊರಳಿಗೆ ಕಟ್ಟುವ ಕೆಲಸವನ್ನು ನಾವೂ ನೀವೂ ಸೇರಿ ಮಾಡೋಣ.