ಕಾರ್ಡ್ ನಮ್ಮದು, ಕಂಪ್ಯೂಟರ್ ಯಾರದಾದ್ರೂ ಇರಲಿ

ಈ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್‌ನಾಗೆ ಅತಿ ಹೆಚ್ಚು ಸಲ ಕೇಳಿಬಂದ ಟೆಕ್ನಿಕಲ್ ಪ್ರಶ್ನೆ ಡೇಟಾ ಸ್ಟ್ರಕ್ಚರ್ಸ್‌ದೂ ಅಲ್ಲ, ಮ್ಯಾಥ್ಸ್‌ದೂ ಅಲ್ಲ. "ಲೇ, ಈ ಮೆಮೊರಿ ಕಾರ್ಡ್ ಭಾಳ ಫಾಸ್ಟ್ ಐತಂತ. ಇದರಾಗ ಓಎಸ್ ಹಾಕಿ ಬೂಟ್ ಮಾಡಿದ್ರ ನಡೀತೈತೇನು?" ಹೀಗೆ ಕೇಳೋರಲ್ಲಿ ಎರಡು ಥರದವರಿದ್ದಾರೆ. ಅಣ್ಣನೋ ಮಾಮಾನೋ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರು ಒಂದು ಥರ, ಅದರ ಹಾರ್ಡ್ ಡಿಸ್ಕ್ ಒಳಗೇ ಟಕ್ ಟಕ್ ಅಂತಿರುತ್ತೆ. ಇನ್ನೊಂದು ಥರ, ಲ್ಯಾಪ್‌ಟಾಪೇ ಇಲ್ಲದವರು. ನಾವು ಇದನ್ನ ಬರೀತಿರೋದು ಮುಖ್ಯವಾಗಿ ಎರಡನೇ ಥರದವರಿಗೋಸ್ಕರ. ಆದರೆ ಮೊದಲಿನವರ ಲೆಕ್ಕ ಮೊದಲು ಮುಗಿಸೋಣ, ಯಾಕಂದ್ರೆ ಅದರಲ್ಲೇ ವಿಷಯ ಇರೋದು.

ಕಾರ್ಡಿನ ಮೇಲೆ ದೊಡ್ಡದಾಗಿ 100 ಎಂಬಿ, 150 ಎಂಬಿ ಅಂತ ಬರೆದಿರ್ತಾರೆ. ಕ್ಲಾಸ್ 10, ಯು3, ವಿ30 ಅಂತ ಗುರುತುಗಳೂ ಇರುತ್ತವೆ. ಕ್ಲಾಸ್ 10 ಅಂದ್ರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, ಯು3 ಮತ್ತು ವಿ30 ಅಂದ್ರೆ ಕನಿಷ್ಠ 30 ಎಂಬಿ ಬರೆಯೋ ವೇಗದ ಗ್ಯಾರಂಟಿ. ಇವೆಲ್ಲ ಹುಟ್ಟಿದ್ದು ಕ್ಯಾಮೆರಾಕ್ಕೋಸ್ಕರ. ವಿಡಿಯೋ ಅಂದ್ರೆ ಒಂದೇ ಉದ್ದನೆ ಫೈಲ್, ಒಂದರ ಹಿಂದೆ ಒಂದು ಬರೀತಾ ಹೋದ್ರೆ ಆಯ್ತು. ಮುಧೋಳದ ಕಡೆ ಎರಡು ಟ್ರೈಲರ್ ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗೋ ಕಬ್ಬಿನ ಟ್ರ್ಯಾಕ್ಟರ್ ಇದ್ದಂಗೆ: ಒಂದೇ ಕಡೆ ತುಂಬೋದು, ಒಂದೇ ಕಡೆ ಸುರಿಯೋದು. ಆಪರೇಟಿಂಗ್ ಸಿಸ್ಟಮ್ ಕೆಲಸ ಹಂಗಲ್ಲ. ಅದು ಬೂಟ್ ಆಗೋವಾಗ ಸಾವಿರಾರು ಸಣ್ಣ ಫೈಲ್‌ಗಳನ್ನ ಅಲ್ಲೊಂದು ಇಲ್ಲೊಂದು ಹುಡುಕಿ ಓದುತ್ತೆ. ಅದು ಮನೆಮನೆಗೆ ಅರ್ಧ ಲೀಟರ್ ಹಾಲು ಹಾಕೋ ಕೆಲಸ. ಆ ಕೆಲಸಕ್ಕೆ ಕಬ್ಬಿನ ಟ್ರ್ಯಾಕ್ಟರ್ ತಗೊಂಡು ನವನಗರದ ಸೆಕ್ಟರ್‌ಗಳ ಒಳಗೆ ತಿರುಗಾಡಿದ್ರೆ ಹೆಂಗಿರುತ್ತೆ ಯೋಚಿಸಿ.

ಹಾಲಿನವನ ವೇಗ ಹೇಳೋ ಗುರುತು ಬೇರೆ ಇದೆ. ಎ1, ಎ2 ಅಂತ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿ ಇರುತ್ತೆ. ಎ1 ಬಂದಿದ್ದು 2016ರಲ್ಲಿ, ಫೋನ್‌ನಲ್ಲಿ ಆ್ಯಪ್‌ಗಳನ್ನ ಕಾರ್ಡಿಗೆ ಹಾಕೋ ಕಾಲದಲ್ಲಿ. ಅದರ ಪ್ರಕಾರ ಕಾರ್ಡ್ ಸೆಕೆಂಡಿಗೆ ಕನಿಷ್ಠ 1500 ಸಣ್ಣ ಓದು, 500 ಸಣ್ಣ ಬರಹ ಮಾಡಬೇಕು. ಒಂದೊಂದು 4 ಕೆಬಿ. ಗುಣಿಸಿ ನೋಡಿ: 1500 ಸಲ 4 ಕೆಬಿ ಅಂದ್ರೆ ಸುಮಾರು 6 ಎಂಬಿ. ಬರೆಯೋದು 2 ಎಂಬಿ. 100 ಎಂಬಿ ಅಂತ ಬರೆದಿದ್ದ ಕಾರ್ಡ್‌ನ ಗ್ಯಾರಂಟಿ ಇಷ್ಟೇ! ಎ2ದಲ್ಲಿ 4000 ಓದು, 2000 ಬರಹ. ಆದರೆ ಆ ವೇಗ ಸಿಗಬೇಕಂದ್ರೆ ಕಾರ್ಡ್ ಹಾಕೋ ಮಷಿನ್ ಕೂಡ ಕಮಾಂಡ್‌ಗಳನ್ನ ಸಾಲಾಗಿ ಕಳಿಸೋ ವ್ಯವಸ್ಥೆ ಬೆಂಬಲಿಸಬೇಕು. ನಮ್ಮ ಕೈಗೆ ಸಿಗೋ ಬಹಳಷ್ಟು ರೀಡರ್‌ಗಳು ಬೆಂಬಲಿಸಲ್ಲ, ಆಗ ಎ2ಗೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ. ಐಒಟಿ ಲ್ಯಾಬ್‌ನಲ್ಲಿ ನಾವೆಲ್ಲ ಕಾರ್ಡಿನಿಂದಲೇ ಬೂಟ್ ಮಾಡೋ ರಾಸ್ಪ್‌ಬೆರಿ ಪೈನಲ್ಲೂ 5ನೇ ಮಾಡೆಲ್ ಬಂದ ಮೇಲೇ ಇದಕ್ಕೆ ಬೆಂಬಲ ಸಿಕ್ಕಿದ್ದು.

ಇಷ್ಟು ಕೇಳಿ ಕಾರ್ಡ್ ದಂಡ ಅಂತ ಅನ್ನಬೇಡಿ. ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಲೆಕ್ಕ ನೋಡಿ. ನಿಮಿಷಕ್ಕೆ 5400 ಸುತ್ತು. ಬೇಕಾದ ಜಾಗ ಸೂಜಿಯ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದ್ರೆ ಐದೂವರೆ ಮಿಲಿಸೆಕೆಂಡ್. ಸೂಜಿ ಅಲ್ಲಿಗೆ ಹೋಗೋಕೆ ಇನ್ನೊಂದು ಹತ್ತು ಮಿಲಿಸೆಕೆಂಡ್. ಹಂಗಾದ್ರೆ ಸೆಕೆಂಡಿಗೆ ಅರವತ್ತು ಎಪ್ಪತ್ತು ಓದು ಮಾತ್ರ. ಎ1 ಕಾರ್ಡ್ ಇದರ ಇಪ್ಪತ್ತು ಪಟ್ಟು! ಅದಕ್ಕೇ ಹಳೇ ಡಿಸ್ಕ್‌ನಿಂದ ಕಾರ್ಡಿಗೆ ಬಂದವರು "ಫಾಸ್ಟ್ ಆತು" ಅಂತ ಹೇಳೋದು ಸುಳ್ಳಲ್ಲ. ಎಸ್‌ಎಸ್‌ಡಿಯದು ಬಿಡಿ, ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಓದು ಮಾಡುತ್ತೆ.

ದಾರಿಯ ಕಥೆ ಬೇರೆ ಇದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿರೋ ಕಾರ್ಡ್ ಸ್ಲಾಟ್ ಎಷ್ಟೋ ಮಾಡೆಲ್‌ಗಳಲ್ಲಿ ಒಳಗಡೆ ಯುಎಸ್‌ಬಿ 2.0ಗೆ ಜೋಡಿಸಿರುತ್ತೆ, ಅಲ್ಲಿ ಮೂವತ್ತು ನಲವತ್ತು ಎಂಬಿ ದಾಟಲ್ಲ. ಇನ್ನು ಕೆಲವು ಮಾಡೆಲ್‌ಗಳಲ್ಲಿ ಪಿಸಿಐಇಗೆ ಜೋಡಿಸಿರುತ್ತೆ. ವೇಗ ಚೆನ್ನಾಗಿರುತ್ತೆ, ಆದರೆ ಬಯಾಸ್‌ಗೆ ಆ ರೀಡರ್ ಮಾತಾಡಿಸೋಕೆ ಬರಲ್ಲ, ಬೂಟ್ ಮೆನುವಿನಲ್ಲಿ ಕಾರ್ಡ್ ಕಾಣೋದೇ ಇಲ್ಲ. ಎಫ್12 ಒತ್ತಿ ಒತ್ತಿ ಬೇಜಾರಾದವರು ಕೇಳಿ: ಕಾರ್ಡ್ ಕೆಟ್ಟಿಲ್ಲ. ಕರ್ನಲ್ ಮತ್ತು ಬೂಟ್ ಫೈಲ್‌ಗಳನ್ನ ಒಂದು ಹಳೇ ಪೆನ್‌ಡ್ರೈವ್‌ನಲ್ಲಿಟ್ಟು, ಉಳಿದದ್ದನ್ನ ಕಾರ್ಡಿನಲ್ಲಿ ಇಟ್ಟರೆ ನಡೆಯುತ್ತೆ, ಯಾಕಂದ್ರೆ ಕರ್ನಲ್ ಒಮ್ಮೆ ಎದ್ದಮೇಲೆ ಅದಕ್ಕೆ ಆ ರೀಡರ್ ಗೊತ್ತು. ಇಲ್ಲಾಂದ್ರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ 3.0 ರೀಡರ್ ತಗೊಳ್ಳಿ, ಅದು ಬಯಾಸ್‌ಗೆ ಪೆನ್‌ಡ್ರೈವ್ ಥರಾನೇ ಕಾಣುತ್ತೆ. ನಿಜವಾಗಿ ವೇಗದ ಕಾರ್ಡ್ ಅಂದ್ರೆ ಎಸ್‌ಡಿ ಎಕ್ಸ್‌ಪ್ರೆಸ್. 2018ರಲ್ಲಿ ಘೋಷಿಸಿದ್ದು, ಒಳಗೆ ಎನ್‌ವಿಎಂಇ ಭಾಷೆಯನ್ನೇ ಮಾತಾಡುತ್ತೆ, ಅದರ ಮೊದಲ ಆವೃತ್ತಿಯೇ 985 ಎಂಬಿವರೆಗೆ ಹೋಗುತ್ತೆ. ನಿಂಟೆಂಡೋ ಸ್ವಿಚ್ 2 ಅದನ್ನೇ ಕೇಳುತ್ತೆ. ಬಾಗಲಕೋಟೆಯಲ್ಲಿ ನಮಗೆ ಗೊತ್ತಿರೋ ಯಾರ ಲ್ಯಾಪ್‌ಟಾಪಿನಲ್ಲೂ ಅದರ ಸ್ಲಾಟ್ ಇಲ್ಲ. ಮುಂದಿನ ಮಾತಿಗೆ ಹೋಗೋಣ.

ಬಾಳಿಕೆ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಸಾಲು ತಿದ್ದೋಕೆ ಆಗಲ್ಲ, ದೊಡ್ಡ ಬ್ಲಾಕ್ ಪೂರ್ತಿ ಅಳಿಸಿ ಮತ್ತೆ ಬರೀಬೇಕು. ರೆಕಾರ್ಡ್ ಬುಕ್‌ನಲ್ಲಿ ಒಂದು ರೀಡಿಂಗ್ ತಪ್ಪಿದ್ರೆ ಇಡೀ ಹಾಳೆ ಮತ್ತೊಮ್ಮೆ ಬರೆಸ್ತಾರಲ್ಲ, ಅದೇ. ಪ್ರತಿ ಬ್ಲಾಕ್ ಇಷ್ಟು ಸಲ ಅಳಿಸಿದ ಮೇಲೆ ಸಾಯುತ್ತೆ. ಎಸ್‌ಎಸ್‌ಡಿಯಲ್ಲಿ ಈ ಹೊರೆಯನ್ನ ಎಲ್ಲ ಬ್ಲಾಕ್‌ಗಳಿಗೂ ಹಂಚೋ ಜಾಣ ಕಂಟ್ರೋಲರ್ ಇರುತ್ತೆ. ಕಾರ್ಡಿನಲ್ಲಿ ಇರೋದು ಉಗುರಿನಷ್ಟು ಜಾಗ, ಅಷ್ಟೇ ಬುದ್ಧಿ. ಅದಕ್ಕೇ ಸ್ವ್ಯಾಪ್ ತೆಗೆದು ಝಡ್‌ರ‍್ಯಾಮ್ ಹಾಕಿ, ಮೌಂಟ್ ಮಾಡೋವಾಗ ನೋ-ಎ-ಟೈಮ್ ಕೊಡಿ, ಬ್ರೌಸರ್ ಕ್ಯಾಶ್ ರ‍್ಯಾಮ್‌ಗೆ ಕಳಿಸಿ. ನಕಲಿ ಕಾರ್ಡ್‌ಗಳ ಹಾವಳಿ ಬೇರೆ: 128 ಜಿಬಿ ಅಂತ ತೋರಿಸಿ ಒಳಗೆ 16 ಇರುತ್ತೆ. ಕೊಂಡ ದಿನವೇ ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಬಿಲ್ ಇರೋವಾಗಲೇ ವಾಪಸ್ ಕೊಡಬಹುದು. ಬರೀತಿರೋವಾಗ ಕರೆಂಟ್ ಹೋದ್ರೆ ಫೈಲ್‌ಸಿಸ್ಟಮ್ ಕೆಡುತ್ತೆ ಅಂತ ಬೇಸಿಗೆಯಲ್ಲಿ ನವನಗರದಲ್ಲಿ ಇರೋರಿಗೆ ಬೇರೆ ಹೇಳಬೇಕಾಗಿಲ್ಲ. ಕಾರ್ಡಿನಲ್ಲಿರೋದು ದಿನಾ ಇನ್ನೊಂದು ಕಡೆ ಕೂಡ ಇರಬೇಕು. ನಾವು ಮುಳುಗಡೆ ಊರಿನವರು, ನೀರು ಬಂದ ಮೇಲೆ ಸಾಮಾನು ಸಾಗಿಸೋಕೆ ಹೊರಡೋದಲ್ಲ.

ಹಂಗಾಗಿ ಲ್ಯಾಪ್‌ಟಾಪ್ ಇದ್ದವರಿಗೆ ನಮ್ಮ ತೀರ್ಪು: ಅದರಲ್ಲಿ ಹಳೇ ಹಾರ್ಡ್ ಡಿಸ್ಕ್ ಇದ್ರೆ ಕಾರ್ಡ್ ಸಹವಾಸ ಬಿಡಿ, ಇರೋದರಲ್ಲಿ ಚಿಕ್ಕ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹೊಸದಕ್ಕೆ ದುಡ್ಡಿಲ್ಲಾಂದ್ರೆ ಬಳಸಿದ್ದನ್ನೇ ಹುಡುಕಿ. ಸ್ಟೋರೇಜ್ ಬೋರ್ಡಿಗೇ ಬೆಸುಗೆ ಹಾಕಿರೋ ಅಗ್ಗದ ಲ್ಯಾಪ್‌ಟಾಪ್ ಇದ್ದವರಿಗೆ ಮಾತ್ರ ಕಾರ್ಡ್ ಒಂದು ದಾರಿ.

ಈಗ ಲ್ಯಾಪ್‌ಟಾಪ್ ಇಲ್ಲದವರ ಮಾತು. ನಮ್ಮ ಕ್ಲಾಸಿನಲ್ಲೇ ಇದ್ದಾರೆ, ಗುಳೇದಗುಡ್ಡದ ನೇಕಾರರ ಮನೆಯವರು, ಹುನಗುಂದದ ಹತ್ತಿರದ ಹಳ್ಳಿಯವರು. ಅವರಿಗೆ ಕಂಪ್ಯೂಟರ್ ಅಂದ್ರೆ ಲ್ಯಾಬ್. ಲ್ಯಾಬ್‌ನ ಮಷಿನ್‌ಗಳಲ್ಲಿ ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರೋ ಸಾಫ್ಟ್‌ವೇರ್ ಹಾಕಿರ್ತಾರೆ. ವೈರಸ್ ಬರದಿರಲಿ ಅಂತ. ಸರಿ, ಆದರೆ ಪ್ರತಿ ಸಲ ಕೂತಾಗ ಪೈಥಾನ್ ಲೈಬ್ರರಿ ಮತ್ತೆ ಹಾಕು, ಎಡಿಟರ್ ಮತ್ತೆ ಸೆಟ್ ಮಾಡು, ಗಿಟ್‌ಗೆ ಮತ್ತೆ ಲಾಗಿನ್ ಆಗು. ಎರಡು ತಾಸಿನ ಲ್ಯಾಬ್‌ನಲ್ಲಿ ಅರ್ಧ ತಾಸು ಇದಕ್ಕೇ. ಲ್ಯಾಪ್‌ಟಾಪ್ ಇದ್ದವನು ಹಾಸ್ಟೆಲ್‌ನಲ್ಲಿ ನಿನ್ನೆ ರಾತ್ರಿ ಬಿಟ್ಟ ಸಾಲಿನಿಂದ ಶುರು ಮಾಡ್ತಾನೆ. ಇಲ್ಲದವರು ಪ್ರತಿ ವಾರ ಸೊನ್ನೆಯಿಂದ. ಪ್ಲೇಸ್‌ಮೆಂಟ್ ಟ್ರೇನಿಂಗ್‌ನಲ್ಲಿ ಬಂದವರು "ನಿಮ್ಮ ಪ್ರಾಜೆಕ್ಟ್ ತೋರಿಸಿ" ಅಂದಾಗ ಈ ವ್ಯತ್ಯಾಸ ಕಾಣುತ್ತೆ, ಅದನ್ನ ಎಲ್ಲರೂ "ಇಂಟರೆಸ್ಟ್ ಇಲ್ಲ" ಅಂತ ಓದಿಕೊಳ್ತಾರೆ. ನಮಗೆ ಸಿಟ್ಟು ಬರೋದು ಇಲ್ಲಿ.

ಇದಕ್ಕೆ ಕಾರ್ಡ್ ಒಳ್ಳೆ ಉತ್ತರ ಅಂತ ನಮ್ಮ ವಾದ. 64 ಜಿಬಿಯ ಎ1 ಕಾರ್ಡ್, ಒಂದು ಸಣ್ಣ ರೀಡರ್. ಅದರಲ್ಲಿ ಹಗುರಾದ ಲಿನಕ್ಸ್ ಪೂರ್ತಿ ಇನ್‌ಸ್ಟಾಲ್ ಮಾಡಿಟ್ಟರೆ ಅದೇ ನಮ್ಮ ಕಂಪ್ಯೂಟರ್. ಯಾವ ಮಷಿನ್‌ಗೆ ಚುಚ್ಚಿದ್ರೂ ನಿನ್ನೆಯ ಸಾಲು, ನಮ್ಮದೇ ವಾಲ್‌ಪೇಪರ್. ಕನ್ನಡ ಬರೆಯೋರಿಗೆ ಇನ್ನೊಂದು ಲಾಭ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಮೊದಲೇ ಇರುತ್ತೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಆ ವಿನ್ಯಾಸ ಈಗ ಪಟ್ಟಿಯಲ್ಲಿ ಹಿಂದಿ, ಮರಾಠಿಗೂ ಕಾಣಿಸುತ್ತೆ, ಮೊದಲ ಸಲ ನೋಡಿದಾಗ ನಮಗೆ ಸ್ವಲ್ಪ ಜಂಬವೇ ಬಂತು. ಗುಬ್ಬಿ, ನವಿಲು ಫಾಂಟ್‌ಗಳನ್ನ ಒಮ್ಮೆ ಹಾಕಿದ್ರೆ ಇದ್ದೇ ಇರುತ್ತವೆ. ಇನ್‌ಸ್ಟಾಲ್ ಮಾಡೋವಾಗ ಒಂದು ಎಚ್ಚರ: ಗೆಳೆಯರ ಲ್ಯಾಪ್‌ಟಾಪಿನಲ್ಲಿ ಕೂತು ಕಾರ್ಡಿಗೆ ಹಾಕಿದ್ರೆ ಕೆಲವು ಇನ್‌ಸ್ಟಾಲರ್‌ಗಳು ಬೂಟ್‌ಲೋಡರ್ ಮಾತ್ರ ಆ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ಹಾಕಿಬಿಡುತ್ತವೆ. ಕಾರ್ಡ್ ಬೇರೆ ಮಷಿನ್‌ನಲ್ಲಿ ಏಳಲ್ಲ, ಗೆಳೆತನವೂ ಹಾಳು. ಎನ್‌ಕ್ರಿಪ್ಟ್ ಅನ್ನೋ ಬಾಕ್ಸ್‌ಗೆ ಟಿಕ್ ಮಾಡೋದು ಮರೀಬೇಡಿ, ಇಷ್ಟು ಸಣ್ಣ ವಸ್ತು ಬಸ್‌ನಲ್ಲಿ ಕಳೆದೇ ಕಳೆಯುತ್ತೆ. ಮೆಕ್ಯಾನಿಕಲ್, ಸಿವಿಲ್‌ನವರ ಕೆಲವು ಸಾಫ್ಟ್‌ವೇರ್‌ಗಳಿಗೆ ವಿಂಡೋಸೇ ಬೇಕು, ಅವರಿಗೆ ಇದು ಪೂರ್ತಿ ಉಪಯೋಗ ಆಗಲ್ಲ. ಯುಎಸ್‌ಬಿ ಡ್ರೈವ್‌ನಲ್ಲೇ ವಿಂಡೋಸ್ ಒಯ್ಯೋ ಸೌಲಭ್ಯ ಮೈಕ್ರೋಸಾಫ್ಟ್ ಒಂದು ಕಾಲಕ್ಕೆ ಕೊಟ್ಟಿತ್ತು, 2020ರಲ್ಲಿ ತೆಗೆದುಹಾಕಿತು.

ಮಷಿನ್ ಹಂಚಿಕೊಂಡು ಕಾರ್ಡ್ ಸ್ವಂತದ್ದು ಇಟ್ಟುಕೊಳ್ಳೋ ವಿಚಾರ ನಮ್ಮ ರಾಜ್ಯಕ್ಕೆ ಹೊಸದಲ್ಲ. 1999ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್‌ಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದ್ರು. 2001ರಲ್ಲಿ ಮಾದರಿ ತೋರಿಸಿದ್ರು. ಕೈಯಲ್ಲಿ ಹಿಡಿಯೋ ಲಿನಕ್ಸ್ ಕಂಪ್ಯೂಟರ್, ಬೆಲೆ ಸುಮಾರು 9000 ರೂಪಾಯಿ ಇರಬೇಕು ಅನ್ನೋ ಗುರಿ. ಹಳ್ಳಿಯವರಿಗೆ ಅದೂ ಹೆಚ್ಚೇ ಅಂತ ಗೊತ್ತಿದ್ದಕ್ಕೇ ಅದರಲ್ಲಿ ಸ್ಮಾರ್ಟ್ ಕಾರ್ಡ್ ರೀಡರ್ ಇಟ್ಟಿದ್ರು: ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ಒಂದು ಕಾರ್ಡ್, ನಿಮ್ಮ ಮಾಹಿತಿ ನಿಮ್ಮ ಕಾರ್ಡಿನಲ್ಲಿ. ಆ ಕಾರ್ಡಿನಿಂದ ಯಂತ್ರ ಬೂಟ್ ಆಗ್ತಿರಲಿಲ್ಲ, ಅಷ್ಟು ಜಾಗ ಅದರಲ್ಲಿ ಎಲ್ಲಿರಬೇಕು! ಯಂತ್ರ ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ಸ್ಮಾರ್ಟ್‌ಫೋನ್ ಬಂತು, ಎಲ್ಲರೂ ಮರೆತರು. ಆದರೆ ಅವರು ಅಂದು ಕಾರ್ಡಿನಲ್ಲಿ ಇಡೋಕೆ ಆಗದೇ ಇದ್ದದ್ದು, ಅಂದ್ರೆ ಇಡೀ ಕಂಪ್ಯೂಟರ್, ಇಂದು ಉಗುರಿನಷ್ಟು ಜಾಗದಲ್ಲಿ ಹಿಡಿಯುತ್ತೆ.

ಲ್ಯಾಬ್ ಇನ್‌ಸ್ಟ್ರಕ್ಟರ್‌ಗಳ ಆಕ್ಷೇಪ ನಮಗೆ ಗೊತ್ತು, ಅದರಲ್ಲಿ ಹುರುಳಿದೆ. ಹುಡುಗರು ಸ್ವಂತ ಓಎಸ್ ತಂದ್ರೆ ಅವರೇ ರೂಟ್. ಒಳಗಿನ ಡಿಸ್ಕ್ ಮೌಂಟ್ ಮಾಡಿ ಬೇರೆಯವರ ಫೈಲ್ ನೋಡಬಹುದು, ನೆಟ್‌ವರ್ಕ್‌ನಲ್ಲಿ ಕಿತಾಪತಿ ಮಾಡಬಹುದು. ಮಾಡೋರು ಇದ್ದಾರೆ ಕೂಡ, ಹೆಸರು ಬೇಡ. ಅದಕ್ಕೇ ಎಲ್ಲ ಮಷಿನ್ ತೆರೆಯಿರಿ ಅಂತ ನಾವು ಕೇಳ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನಲ್ಲಾದ್ರೆ ಎಂಟನೇ ಜನರೇಷನ್‌ನಿಂದ ಮೇಲಿನದೇ ಬೇಕು. ಹಾಗಾಗಿ ಎಷ್ಟೋ ಕಾಲೇಜುಗಳಲ್ಲಿ ಹಳೇ ಮಷಿನ್‌ಗಳು ಗೋಡೆ ಪಕ್ಕ ಸೇರಿವೆ. ಗುಜರಿಗೆ ಹಾಕೋ ಮುಂಚೆ ಅದರಲ್ಲಿ ಹತ್ತನ್ನ ನಮಗೆ ಕೊಡಿ. ಹಾರ್ಡ್ ಡಿಸ್ಕ್ ಬಿಚ್ಚಿಕೊಳ್ಳಿ, ಒಳಗೆ ಏನೂ ಇಲ್ಲದಿದ್ರೆ ಕದಿಯೋದೇನು? ಬಯಾಸ್‌ಗೆ ಪಾಸ್‌ವರ್ಡ್ ಹಾಕಿ ಯುಎಸ್‌ಬಿ ಬೂಟ್ ಮಾತ್ರ ಬಿಡಿ, ಪಾಸ್‌ವರ್ಡ್ ಸರ್ ಹತ್ತಿರವೇ ಇರಲಿ. ಆ ಹತ್ತಕ್ಕೆ ಬೇರೆ ವಿಲ್ಯಾನ್ ಕೊಡಿ, ಪರೀಕ್ಷೆ ದಿನ ಆಫ್ ಮಾಡಿ. ಕಾರ್ಡ್, ರೀಡರ್ ಖರ್ಚು ನಮ್ಮದು. ತೀರಾ ಕಷ್ಟ ಇರೋರಿಗೆ ಸಂಘದ ಫಂಡ್‌ನಿಂದ ಕೊಡಬಹುದು. ಕಳೆದ ವರ್ಷ ರಾಜ್ಯೋತ್ಸವಕ್ಕೆ ಬಾಡಿಗೆಗೆ ತಂದ ಡಿಜೆಗಿಂತ ಕಡಿಮೆ ಆಗುತ್ತೆ.

ಇದನ್ನೆಲ್ಲ ಒಂದು ಪುಟದ ಅರ್ಜಿ ಮಾಡಿ ಸಂಘದ ರೂಮಿನಲ್ಲಿ ಇಟ್ಟಿದ್ದೀವಿ. ಶುಕ್ರವಾರ ಎಚ್‌ಒಡಿ ಅವರಿಗೆ ಕೊಡ್ತೀವಿ. ಲ್ಯಾಪ್‌ಟಾಪ್ ಇದ್ದವರೂ ಬಂದು ಸಹಿ ಹಾಕಿ, ಇಲ್ಲದವರ ಹೆಸರು ಮಾತ್ರ ಇದ್ರೆ ಅದೊಂದು ಬೇರೆ ಪಟ್ಟಿ ಥರ ಕಾಣುತ್ತೆ.