ಹುದ್ದೆಗಳಿಗೂ ಒಂದು ಪಂಚಾಂಗ ಬೇಕು

ನಮ್ಮ ಬಯಲುಸೀಮೆಯ ಬೇಸಾಯಗಾರನಿಗೆ ಮಳೆಯ ವಿಷಯದಲ್ಲಿ ಪೂರ್ಣವಾದ ಭರವಸೆ ಯಾವ ಕಾಲದಲ್ಲಿಯೂ ಇದ್ದುದಿಲ್ಲ. ಆದರೂ ರೋಹಿಣಿ ಮಳೆ ಎಂದಿಗೆ ಹುಟ್ಟುತ್ತದೆ, ಮೃಗಶಿರ ಎಂದಿಗೆ ಕೂಡುತ್ತದೆ, ಯಾವ ಮಳೆಗೆ ಯಾವ ಬೀಜವನ್ನು ನೆಲಕ್ಕೆ ಹಾಕತಕ್ಕದ್ದು, ಯಾವ ಮಳೆ ಕೈಕೊಟ್ಟಮೇಲೆ ರಾಗಿಯ ಆಸೆಯನ್ನು ತೊರೆದು ಹುರುಳಿಯನ್ನು ಚೆಲ್ಲತಕ್ಕದ್ದು ಎಂಬುದನ್ನು ಅವನು ಬಲ್ಲನು. ಆ ತಿಳಿವಳಿಕೆಯ ಬಲದಿಂದಲೇ ಅವನು ಕೆಟ್ಟ ವರ್ಷವನ್ನೂ ದಾಟುತ್ತಾನೆ. ಐದಾರು ವರ್ಷ ದುಡಿದು ಡಾಕ್ಟರೇಟ್ ಪಡೆದ ನಮ್ಮ ತರುಣ ತರುಣಿಯರಿಗೆ ಅಷ್ಟರಮಟ್ಟಿನ ಪಂಚಾಂಗವೂ ಇಲ್ಲವೆಂಬುದು, ಮೂರು ದಶಕಗಳ ಕಾಲ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳಿ ನಿವೃತ್ತನಾದ ನನ್ನನ್ನು ಈಚೆಗೆ ಬಹಳವಾಗಿ ಬಾಧಿಸುತ್ತಿರುವ ಸಂಗತಿಯಾಗಿದೆ.

ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದವರಲ್ಲೊಬ್ಬರು ಹಳೆಯ ಕೆರೆಗಳ ಶಾಸನಗಳನ್ನು ತಮ್ಮ ವಿಷಯವನ್ನಾಗಿ ಆರಿಸಿಕೊಂಡಿದ್ದರು. ಕೆರೆಯನ್ನು ಕಟ್ಟಿಸಿದವರಿಗೂ ಕಾಯ್ದವರಿಗೂ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟವೇ ಮೊದಲಾದ ದತ್ತಿಗಳ ವಿವರವನ್ನು ಅರಸುತ್ತ ಊರೂರು ಅಲೆದು, ತೂಬಿನ ಮಗ್ಗುಲಲ್ಲಿ ಹೂತುಹೋಗಿದ್ದ ಕಲ್ಲುಗಳನ್ನು ತೊಳೆದು, ಬಿಸಿಲು ಏರುವ ಮುನ್ನ ಪಡಿಯಚ್ಚು ತೆಗೆದು, ರಾತ್ರಿಯೆಲ್ಲ ಕುಳಿತು ಅಕ್ಷರ ಬಿಡಿಸಿದ ಶ್ರಮ ಅವರದು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ವಿದ್ವಾಂಸರು ಮಹಾಪ್ರಬಂಧವನ್ನು ಮನಸಾರೆ ಮೆಚ್ಚಿ ಮಾತನಾಡಿದರು. ಊರಿನಿಂದ ಬಂದು ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತಿದ್ದ ಅವರ ತಂದೆ, ಊಟವಾದಮೇಲೆ ನನ್ನ ಬಳಿಗೆ ಬಂದು, “ಇನ್ನೆಷ್ಟು ದಿವಸಕ್ಕೆ ಕೆಲಸ ಆಗ್ತದೆ ಸ್ವಾಮಿ?” ಎಂದು ಕೇಳಿದರು. ಕೆಲಸ ಸಿಕ್ಕುತ್ತದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ. ಎಷ್ಟು ದಿವಸಕ್ಕೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕುಲಸಚಿವರನ್ನು ಕೇಳಿದ್ದರೂ, ಇಲಾಖೆಯ ಕಾರ್ಯದರ್ಶಿಗಳನ್ನು ಕೇಳಿದ್ದರೂ ಉತ್ತರ ದೊರೆಯುತ್ತಿರಲಿಲ್ಲ.

ಅಂದಿನಿಂದ ಅವರು ಅತಿಥಿ ಉಪನ್ಯಾಸಕರು. ಈ ಬದುಕಿನ ರೀತಿಯನ್ನು ಹೊರಗಿನವರು ಅರಿಯರು. ವರ್ಷಕ್ಕೊಮ್ಮೆ ಅರ್ಜಿ, ಅಂಕಗಳ ಲೆಕ್ಕ, ಕೌನ್ಸೆಲಿಂಗ್, ಸಿಕ್ಕಿದ ಕಾಲೇಜಿನ ಊರಿನಲ್ಲೊಂದು ಬಾಡಿಗೆಯ ಕೋಣೆ. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ, ಅಥವಾ ವಿದ್ಯಾರ್ಥಿಗಳ ಸಂಖ್ಯೆ ಇಳಿದು ಕಾರ್ಯಭಾರ ಕಡಮೆಯಾದರೆ, ನಡುವರ್ಷದಲ್ಲಿಯೇ ಆ ಕೋಣೆಯನ್ನು ಖಾಲಿಮಾಡತಕ್ಕ ಅವಸ್ಥೆ. 2022ರ ಆರಂಭದವರೆಗೆ ಇವರ ಮಾಸಿಕ ಗೌರವಧನವು 11,000ದಿಂದ 13,000 ರೂಪಾಯಿಗಳಷ್ಟಿದ್ದಿತು. ದೀರ್ಘವಾದ ಮುಷ್ಕರದ ತರುವಾಯ, ಯುಜಿಸಿ ವಿಧಿಸಿದ ಅರ್ಹತೆಯುಳ್ಳವರಿಗೆ ಅದು 30,000 ಇಲ್ಲವೇ 32,000 ರೂಪಾಯಿಗೆ ಏರಿತು, ಆಮೇಲೆ ಮತ್ತಷ್ಟು ಏರಿತು. ಏರಿದುದು ಸಂತೋಷದ ವಿಷಯವೇ. ಆದರೆ 2023ರಿಂದೀಚೆಗೆ ಕಿರಿಯ ಸಂಶೋಧನಾ ವೇತನವು ತಿಂಗಳಿಗೆ 37,000 ರೂಪಾಯಿಯೂ ಹಿರಿಯ ಸಂಶೋಧನಾ ವೇತನವು 42,000 ರೂಪಾಯಿಯೂ ಆಗಿರುವುದನ್ನು ಇದರೊಡನೆ ಇಟ್ಟು ನೋಡಿದರೆ, ವಿದ್ಯಾರ್ಥಿಯಾಗಿದ್ದಾಗ ಕೈಗೆ ಬರುತ್ತಿದ್ದಷ್ಟು ಹಣವು ವಿದ್ವಾಂಸನೆನಿಸಿಕೊಂಡಮೇಲೆ ಬರಲಿಲ್ಲವೆಂಬ ದುಃಖದ ಸ್ಥಿತಿ ಕಣ್ಣೆದುರು ನಿಲ್ಲುತ್ತದೆ. ಅದೇ ತರಗತಿಯಲ್ಲಿ ಅದೇ ಪಾಠವನ್ನು ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನವು 57,700 ರೂಪಾಯಿಗಳಿಂದ ಆರಂಭವಾಗುತ್ತದೆ.

ಹಣದ ಮಾತು ಹಾಗಿರಲಿ. ಬಡತನವನ್ನು ಸಹಿಸಿಕೊಂಡು ವಿದ್ಯೆಯನ್ನು ಸಾಧಿಸಿದ ಪರಂಪರೆ ನಮ್ಮಲ್ಲಿ ದೊಡ್ಡದಾಗಿದೆ. ಸಹಿಸಲು ಅಸಾಧ್ಯವಾದುದು ಅವಧಿಯೇ ಗೊತ್ತಿಲ್ಲದ ನಿರೀಕ್ಷೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿತು. ಆಯ್ಕೆಯಾದವರ ಕೈಗೆ ಆದೇಶ ಬಂದು ಸೇರುವುದಕ್ಕೆ ಮತ್ತೂ ವರ್ಷ ಮೀರಿತು. 2024ರ ಅಕ್ಟೋಬರಿನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಣಯವಾಗುವ ಪರ್ಯಂತ ಹೊಸ ಅಧಿಸೂಚನೆಗಳನ್ನು ಹೊರಡಿಸಕೂಡದೆಂದು ಸರ್ಕಾರ ತೀರ್ಮಾನಿಸಿತು. ಒಳಮೀಸಲಾತಿಯ ಬೇಡಿಕೆ ನ್ಯಾಯವಾದುದೆಂದೇ ನನ್ನ ನಂಬಿಕೆ. ಆ ಜನರೂ ದಶಕಗಳಿಂದ ಕಾದವರೇ. ಆದರೆ ತಡೆ ಬಿದ್ದ ದಿನವೇ ತಡೆ ತೆಗೆಯುವ ದಿನವನ್ನೂ ಗೊತ್ತುಮಾಡಿದ್ದರೆ, ವಯೋಮಿತಿಯ ಅಂಚಿನಲ್ಲಿ ನಿಂತವರು, ಅವರಲ್ಲಿಯೂ ಆ ಸಮುದಾಯಗಳವರೇ ಅನೇಕರು, ಅಷ್ಟು ಕಳವಳಪಡಬೇಕಾಗುತ್ತಿರಲಿಲ್ಲ.

ನಿಯಮಗಳಾದರೂ ಸ್ಥಿರವಾಗಿವೆಯೇ ಎಂದರೆ ಅದೂ ಇಲ್ಲ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕನಾಗಲು 2021ರ ಜುಲೈ 1ರಿಂದ ಪಿಎಚ್‌ಡಿ ಕಡ್ಡಾಯವೆಂದು ಯುಜಿಸಿ 2018ರಲ್ಲಿ ವಿಧಿಸಿತು. ಅದನ್ನು 2023ರ ಜುಲೈಗೆ ಮುಂದೂಡಿತು. ಆ ದಿನ ಬರುತ್ತಲೇ ಕಡ್ಡಾಯವನ್ನು ಕೈಬಿಟ್ಟು, ನೆಟ್ ಅಥವಾ ಸ್ಲೆಟ್ ತೇರ್ಗಡೆಯೇ ಕನಿಷ್ಠಾರ್ಹತೆಯೆಂದು ಸಾರಿತು. ಮೊದಲ ಮಾತನ್ನು ನಂಬಿ ನೋಂದಾಯಿಸಿಕೊಂಡವರ ಪ್ರಬಂಧ ಮುಗಿಯುವಷ್ಟರಲ್ಲಿ ಮಾತು ಬದಲಾಗಿದ್ದಿತು. 2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಹಾಸನ, ಚಾಮರಾಜನಗರ ಮೊದಲಾದ ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡಾಗ ನನ್ನ ಹಳೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಫೋನು ಮಾಡಿ ಹರ್ಷಪಟ್ಟುದು ನನಗೆ ನೆನಪಿದೆ; ಎರಡೇ ವರ್ಷದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಇಲ್ಲವೇ ವಿಲೀನಗೊಳಿಸುವ ಚರ್ಚೆ ಎದ್ದಿತು.

ಬೊಕ್ಕಸದ ಕಷ್ಟವನ್ನು ಮುಂದಿಟ್ಟು ಉತ್ತರ ಕೊಡುವವರಿದ್ದಾರೆ. ಪದವಿ ಪಡೆದವರೆಲ್ಲರಿಗೂ ಹುದ್ದೆ ಕೊಡಿರೆಂದು ನಾನು ಕೇಳುತ್ತಿಲ್ಲ. ಅದು ಯಾವ ದೇಶದಲ್ಲಿಯೂ ಸಾಧ್ಯವಾಗಿಲ್ಲ. ಅಮೆರಿಕದಲ್ಲಿಯೂ ಹುದ್ದೆಗಳು ವಿರಳವೇ. ಆದರೆ ಅಲ್ಲಿ ಬಹುಮಟ್ಟಿಗೆ ಶರತ್ಕಾಲದಲ್ಲಿ ಜಾಹೀರಾತು ಹೊರಟು ವಸಂತದ ಹೊತ್ತಿಗೆ ನಿರ್ಣಯ ತಿಳಿಯುವ ಋತುಕ್ರಮವೊಂದುಂಟು, ಸಿಕ್ಕದವನು ಬೇರೆ ದಾರಿ ಹಿಡಿಯಲು ಅವನಿಗೆ ಹೊತ್ತು ತಿಳಿಯುತ್ತದೆ. ನಮ್ಮಲ್ಲಿ ಇದು ಅಸಾಧ್ಯವೆನ್ನಲು ಕಾರಣವೇ ಕಾಣದು. ಅಧ್ಯಾಪಕನೊಬ್ಬನು ಸೇವೆಗೆ ಸೇರಿದ ದಿನವೇ ಅವನು ನಿವೃತ್ತನಾಗುವ ದಿನವು ಸರ್ಕಾರಕ್ಕೆ ಗೊತ್ತಾಗಿರುತ್ತದೆ. ಯಾವ ಕಾಲೇಜಿನಲ್ಲಿ, ಯಾವ ವಿಷಯದಲ್ಲಿ, ಯಾವ ತಿಂಗಳು ಕುರ್ಚಿ ತೆರವಾಗುವುದೆಂಬುದನ್ನು ಹತ್ತು ವರ್ಷ ಮುಂಚಿತವಾಗಿ ಬರೆದಿಡಬಹುದು. ಹೀಗಿದ್ದೂ ತೆರವಾದ ಹುದ್ದೆಯ ಕಡತವು ಆರ್ಥಿಕ ಇಲಾಖೆಯ ಅನುಮತಿಗೆ ಕಾಯುತ್ತದೆ, ರೋಸ್ಟರ್ ಪರಿಶೀಲನೆಗೆ ಕಾಯುತ್ತದೆ, ಆಮೇಲೆ ನ್ಯಾಯಾಲಯದಲ್ಲಿ ಕಾಯುತ್ತದೆ. ಹತ್ತು ವರ್ಷದ ಹುದ್ದೆಗಳು ಗುಂಪುಗೂಡಿ ಒಮ್ಮೆಗೇ ಹೊರಬರುವಾಗ, ನಡುವೆ ಪದವಿ ಪಡೆದ ಎರಡು ತಲೆಮಾರಿನವರು ಒಂದೇ ಬಾಗಿಲಲ್ಲಿ ನೂಕಾಡುತ್ತಾರೆ. ನೇಮಕಾತಿಯನ್ನು ಆರು ತಿಂಗಳೊಳಗೆ ಮುಗಿಸತಕ್ಕದ್ದೆಂದು ಯುಜಿಸಿಯೇ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ವರ್ಷಕ್ಕೆ ನೂರೇ ಹುದ್ದೆಯಾಗಲಿ, ಐವತ್ತೇ ಆಗಲಿ, ಪ್ರತಿ ವರ್ಷವೂ ನಿಗದಿಯಾದ ತಿಂಗಳಲ್ಲಿ ಅಧಿಸೂಚನೆ ಹೊರಡಲಿ, ನಿಗದಿಯಾದ ತಿಂಗಳಲ್ಲಿ ಪಟ್ಟಿ ಪ್ರಕಟವಾಗಲಿ. ಮುಂದಿನ ಐದು ವರ್ಷಗಳಲ್ಲಿ ತೆರವಾಗತಕ್ಕ ಸ್ಥಾನಗಳ ಪಟ್ಟಿಯನ್ನು, ಸಂಶೋಧನೆಗೆ ನೋಂದಾಯಿಸಿಕೊಳ್ಳಲು ಬಂದ ಹುಡುಗನ ಕೈಗೆ ಅಂದೇ ಕೊಡಲಿ. ಆ ಪಟ್ಟಿಯನ್ನು ಕಂಡು ಅವನು ಹಿಂದಿರುಗಿ ಹೋದರೆ ಹೋಗಲಿ. ತಿಳಿದು ಹೋದವನಿಗೆ ಅನ್ಯಾಯವಾಗಲಿಲ್ಲ.

ಕಳೆದ ಆಷಾಢದಲ್ಲಿ, ಕೆರೆಯ ಶಾಸನಗಳನ್ನು ಓದಿದ ಆ ನನ್ನ ವಿದ್ಯಾರ್ಥಿ ದೊಡ್ಡದೊಂದು ಕಟ್ಟನ್ನು ಹೊತ್ತು ಮನೆಗೆ ಬಂದರು. ಪ್ರಬಂಧದ ಎರಡನೆಯ ಭಾಗಕ್ಕೆಂದು ಕೂಡಿಹಾಕಿದ್ದ, ಇನ್ನೂ ಎಲ್ಲಿಯೂ ಅಚ್ಚಾಗದ ಶಾಸನಗಳ ಪಡಿಯಚ್ಚುಗಳು ಅದರಲ್ಲಿದ್ದವು. ಹೊಸ ಊರಿನ ಕೋಣೆ ಸೋರುತ್ತದೆ, ಮಳೆಗಾಲ ಮುಗಿಯುವವರೆಗೆ ಇಲ್ಲಿರಲಿ ಸರ್ ಎಂದರು. ನನ್ನ ಪುಸ್ತಕದ ಬೀರುವಿನ ಮೇಲಿನ ಅರೆಯನ್ನು ತೆರವು ಮಾಡಿ ಅದನ್ನಿಟ್ಟೆವು. ಅದು ಅವರು ತಂದು ಇಲ್ಲಿಟ್ಟ ಮೂರನೆಯ ಕಟ್ಟು.